ನೀಲಿ ಕಾರಿನ ಶಿಳ್ಳೆ

ಮತ್ತೆ ಅದೇ ಶಿಳ್ಳೆ.

ಮಸ್ಕಿಯ ತಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ಪಾಮನಕಲ್ಲೂರಿನ ರೈತನೊಬ್ಬನಿಗೆ ತೊಗರಿ ಬೀಜದ ಪ್ಯಾಕೆಟ್ಟು ಎತ್ತಿ ಕೊಡುತ್ತಿದ್ದ ಶಿವರಂಜನಿಯ ಕೈ ಅರ್ಧದಲ್ಲೇ ನಿಂತಿತು. ಮೊದಲು ‘ಸುಂಯ್’ ಎಂದು ಸಣ್ಣಗೆ ಶುರುವಾದ ಸದ್ದು ಏರುತ್ತ ಏರುತ್ತ ಬಂತು. ಸರಿಯಾಗಿ ಅಂಗಡಿಯ ಬಾಗಿಲ ಮುಂದೆ ‘ಪಿಶ್ಶ್’ ಎಂದು ಮುಗಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದೆ ನಿಂತ ಪೋಲಿಗಳು ಹುಡುಗಿಯರನ್ನು ಕರೆಯುವುದೇ ಹೀಗೆ. ಅವಳು ಕತ್ತು ಚಾಚಿ ನೋಡುವಷ್ಟರಲ್ಲಿ ನೀಲಿ ಕಾರೊಂದು ಮಸ್ಕಿಯನ್ನು ಹಿಂದೆ ಹಾಕಿ ಲಿಂಗಸುಗೂರಿನ ಕಡೆ ಹೋಗಿಯೇಬಿಟ್ಟಿತ್ತು.

ಆ ಕಾರಿನ ಬಗ್ಗೆ ಚಹದಂಗಡಿಯಲ್ಲಿ ಬಗೆಬಗೆಯ ಮಾತಿತ್ತು. ಅದರಲ್ಲಿ ಕದ್ದ ಮಾಲು ಸಾಗಿಸುತ್ತಾರೆ ಎಂದು ಒಬ್ಬ, ಯಾರೋ ಎಮ್ಮೆಲ್ಲೆ ಮಗನದು ಎಂದು ಇನ್ನೊಬ್ಬ. ಶಿವರಂಜನಿಗೆ ಕಾರಿನ ಚಿಂತೆ ಇರಲಿಲ್ಲ. ಒಳಗೆ ಕೂತವನು ಮಹಾ ಪೋಲಿ ಎಂಬುದರಲ್ಲಿ ಮಾತ್ರ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಉಳಿದ ಎಲ್ಲದರಲ್ಲೂ ಅವಳಿಗೆ ಅನುಮಾನವೇ. ಹಾಲಿನವನ ಹಾಲು, ಬೀಜದ ಏಜೆಂಟನ ಮಾತು, ಟೀವಿಯಲ್ಲಿ ಹೇಳುವ ಹವಾಮಾನ, ಯಾವುದನ್ನೂ ಒಮ್ಮೆ ತಿರುಗಿಸಿ ನೋಡದೆ ಒಳಗೆ ಬಿಟ್ಟುಕೊಳ್ಳುವವಳಲ್ಲ. ಹುಟ್ಟಾ ಹೀಗಿರಲಿಲ್ಲ ಅನ್ನಿ. ಹಿಂದೆ ಲಿಂಗಸುಗೂರಿನ ವರನ ಜೊತೆ ನಿಶ್ಚಯವಾಗಿ, ಲಗ್ನಪತ್ರಿಕೆಯೂ ಅಚ್ಚಾಗಿ ಬಂದಮೇಲೆ, ಅವನು ಇನ್ನೊಬ್ಬಳನ್ನು ‘ಇಟ್ಟುಕೊಂಡಿದ್ದಾನೆ’ ಎಂಬುದು ಬಯಲಾಯಿತು. ಅವನ ಮೋಸಕ್ಕಿಂತ ಅವಳನ್ನು ಹೆಚ್ಚು ಸುಟ್ಟದ್ದು ಬೇರೆ. ಊರಿಗೆಲ್ಲ ಅದು ಗೊತ್ತಿತ್ತು, ಅವಳೊಬ್ಬಳಿಗೇ ಗೊತ್ತಿರಲಿಲ್ಲ. ಇನ್ನೊಂದು ಸಲ ಹಾಗೆ ಪೆದ್ದಿಯಾಗಲು ಅವಳು ತಯಾರಿರಲಿಲ್ಲ.

ಅದಕ್ಕೇ ಸಿಂಧನೂರಿನಿಂದ ಹೊಸ ಸಂಬಂಧ ಬಂದಿದೆ ಎಂದು ಅಪ್ಪ ಅಮರಗುಂಡಪ್ಪ ಹೇಳಿದಾಗ ಅವಳು ಮುಖವನ್ನೇ ಎತ್ತಲಿಲ್ಲ. ಹುಡುಗನ ಹೆಸರು ಚನ್ನು, ಸ್ವಂತ ಗ್ಯಾರೇಜಿದೆ, ಮನೆಯಲ್ಲಿ ತಾಯಿಯೊಬ್ಬಳೇ. ನೋಡಲಿಕ್ಕೆ ಬಂದು ಹೋಗಲಿ, ಆಮೇಲಿನ ಮಾತು ಆಮೇಲೆ ಎಂದು ಅವ್ವ ಕಲ್ಯಾಣಮ್ಮ ಗೋಗರೆದಳು. ಶಿವರಂಜನಿ ಆಗಲಿ ಅಂದಳು.

ಅವರು ಬರುವ ದಿನ ಶಿವರಂಜನಿ ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದಳು. ಓಣಿಯ ತಿರುವಿನಲ್ಲಿ ‘ಸುಂಯ್’ ಕೇಳಿಸಿತು. ಮನೆಯ ಮುಂದೆ ‘ಪಿಶ್ಶ್’. ಕೈಯಲ್ಲಿದ್ದ ಜಾಲರಿ ಎಣ್ಣೆಗೆ ಬೀಳುವುದೊಂದು ಬಾಕಿ. ಕಿಟಕಿಯಿಂದ ಇಣುಕಿದಳು. ಬೇವಿನ ಗಿಡದ ನೆರಳಿಗೆ ಅದೇ ನೀಲಿ ಕಾರು ಬಂದು ನಿಂತಿತ್ತು, ಬಾಗಿಲು ತೆಗೆದು ಇಳಿದವನೇ ವರ.

ಹಿರಿಯರು ಇಬ್ಬರನ್ನೂ ಮಾತಾಡಿಕೊಳ್ಳಲು ಅಂಗಳಕ್ಕೆ ಬಿಟ್ಟರು. ಚನ್ನು ಬಿಳಿ ಅಂಗಿಯ ತೋಳು ಎಳೆದುಕೊಳ್ಳುತ್ತ ಏನೋ ಹೇಳಲು ಬಾಯಿ ತೆರೆದ. ಅವಳು ಅವಕಾಶ ಕೊಡಲಿಲ್ಲ.

“ಶಿಳ್ಳಿ ಹೊಡಿಯೋದು ಬಿಟ್ಟು ಬ್ಯಾರೆ ಏನ್ ಕೆಲಸ ಮಾಡ್ತೀರಿ?”

ಅವನು ಒಂದು ಕ್ಷಣ ಬೆಪ್ಪಾದ. ಆಮೇಲೆ ಮೀಸೆಯ ಅಂಚಿನಲ್ಲಿ ಸಣ್ಣ ನಗು ಮೂಡಿತು. “ನಾ ಹೊಡೀಲಿಲ್ರೀ. ಗಾಡಿ ಹೊಡೀತೈತಿ.”

ಅವಳು ನಂಬಲಿಲ್ಲ. ಹೆಣ್ಣು ನೋಡಲು ಬಂದವನು ಹೋಗಿ ಬಾನೆಟ್ ಎತ್ತಿದ. ಇದು ಜಪಾನಿನ ಗಾಡಿ, ಹೆಸರು ಇವೋ, ಹೈದರಾಬಾದಿನ ಆಸೀಮ್ ಭಾಯ್ ಅವರದು, ತಾನು ಟ್ಯೂನ್ ಮಾಡಿ ಟ್ರಯಲ್ ನೋಡುತ್ತಿರುವುದಾಗಿ ಹೇಳಿದ. ತನ್ನ ಹಳೇ ಗಾಡಿಯ ಎಂಜಿನ್ ಬಿಚ್ಚಿಟ್ಟಿದ್ದರಿಂದ ಇವತ್ತು ಇದರಲ್ಲೇ ಬರಬೇಕಾಯಿತಂತೆ. ಎಂಜಿನ್ನಿನ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೇ ತುಂಬುತ್ತದೆ, ಅದೇ ಟರ್ಬೋ, ಶಿಳ್ಳೆ ಅದರದ್ದು. ವಳಕಮದಿನ್ನಿ ಕಡೆ ಭತ್ತ ಕೊಯ್ಯುವ ಮಷೀನುಗಳಲ್ಲೂ ಅದೇ ಇರುತ್ತದೆ, ಅವುಗಳನ್ನು ರಿಪೇರಿ ಮಾಡುತ್ತಲೇ ತಾನು ಈ ಕೆಲಸ ಕಲಿತೆ ಎಂದ. ಅಮರಗುಂಡಪ್ಪನವರು ಚಷ್ಮಾ ಏರಿಸಿಕೊಂಡು ಎಂಜಿನ್ನಿನ ಮೇಲೆ ಬಗ್ಗಿದರು, ಅವರ ಹಿಂದೆ ಉಳಿದ ಹಿರಿಯರೂ ಬಗ್ಗಿದರು. ಮಂಡಕ್ಕಿಯ ಸುಸಲಾ ತಟ್ಟೆಯಲ್ಲೇ ಆರಿತು. ಹೆಣ್ಣನ್ನು ಬಿಟ್ಟು ಬಾನೆಟ್ ನೋಡುತ್ತಾರಲ್ಲ ಎಂದು ಕಲ್ಯಾಣಮ್ಮ ಹಣೆ ಚಚ್ಚಿಕೊಂಡಳು.

ಶಿವರಂಜನಿ ಮಾತ್ರ ಅವನ ಕೈ ನೋಡುತ್ತಿದ್ದಳು. ಉಜ್ಜಿ ಉಜ್ಜಿ ತೊಳೆದು ಬಂದಿದ್ದರೂ ಉಗುರಿನ ಸಂದಿನಲ್ಲಿ ಕಪ್ಪು ಗೆರೆ ಉಳಿದಿತ್ತು. ಅವಳು ನೋಡಿದ್ದನ್ನು ಅವನು ನೋಡಿದ, ಕೈಯನ್ನು ಹುಷಾರಾಗಿ ಬೆನ್ನ ಹಿಂದೆ ಕಟ್ಟಿಕೊಂಡ. ಅವಳಿಗೆ ನಗು ಬಂತು. ಬಹಳ ದಿನಗಳ ಮೇಲೆ ಅನುಮಾನವಿಲ್ಲದೆ ಬಂದ ನಗು ಅದು.

ಆದರೆ ಅದಕ್ಕೆ ಆಯುಷ್ಯ ಕಡಿಮೆ ಇತ್ತು. ಚಹದ ಕಪ್ಪು ತೊಳೆಯಲು ಹಿತ್ತಲಿಗೆ ಹೋದಾಗ ಗೋಡೆಯ ಆಚೆ ಚನ್ನು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಫಿಕರ್ ಮಾಡಬ್ಯಾಡ್ರಿ ಭಾಯ್, ಎರಡೂ ಇಟ್ಟೀನಿ. ಮನಿಗೊಂದು, ಹೊರಗೊಂದು. ಮನೀದು ಭಾಳ ಸೌಮ್ಯ. ಹೊರಗಿಂದು ಜರಾ ಗರಂ, ಸಂಭಾಳಿಸಾಕ ಬರಬೇಕು. ಮ್ಯಾಲ ನೋಡಿದವರಿಗೆ ಏನೂ ಗೊತ್ತಾಗಂಗಿಲ್ಲ.”

ಮನೆಗೊಂದು, ಹೊರಗೊಂದು. ಮನೆಯ ಸೌಮ್ಯ ಹೆಣ್ಣು ತಾನಾಗಬಹುದೇ ಎಂದು ಇವತ್ತು ನೋಡಿ ಹೋಗಲು ಬಂದಿದ್ದಾನೆ. ಸಿಟ್ಟಿಗಿಂತ ಮೊದಲು ದುಃಖ ಬಂತು. ಆ ಕೈಗಳನ್ನು ನೋಡಿ ಅಷ್ಟು ಬೇಗ ನಕ್ಕಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಸೋಮವಾರ ಹೇಳಿ ಕಳಿಸುತ್ತೇವೆ ಎಂದು ಅಪ್ಪ ಅವರನ್ನು ಬೀಳ್ಕೊಟ್ಟರು. ಶಿವರಂಜನಿ ಯಾರಿಗೂ ಏನೂ ಹೇಳಲಿಲ್ಲ. ಹೋದ ಸಲ ಬೇರೆಯವರು ಬಂದು ಹೇಳಿದ್ದರು. ಈ ಸಲ ತಾನೇ ಹೋಗಿ ಕಣ್ಣಾರೆ ನೋಡುವುದೆಂದು ನಿಶ್ಚಯಿಸಿದಳು.

ಶನಿವಾರ ಅಂಗಡಿಗೆ ಬೆಳೆಗೆ ಹೊಡೆಯುವ ಔಷಧಿ ಡಬ್ಬಿ ತರುವ ನೆಪ ಮಾಡಿ ಸಿಂಧನೂರು ಬಸ್ಸು ಹತ್ತಿದಳು. ಡಬ್ಬಿ ಕೊಂಡು ಚನ್ನುವಿನ ಗ್ಯಾರೇಜು ಹುಡುಕಿಕೊಂಡು ಹೋದಳು. ಅಂಗಳದಲ್ಲಿ ಟ್ರ್ಯಾಕ್ಟರುಗಳು, ಹೊಟ್ಟೆ ಬಿಚ್ಚಿದ ಒಂದು ಭತ್ತದ ಮಷೀನು. ವೆಲ್ಡಿಂಗ್ ಮಾಡುತ್ತಿದ್ದ ವಾಸಿಂ ಎಂಬವನು, ಉಸ್ತಾದ್ ಒಳಗಿದ್ದಾರೆ ಎಂದು ಕೈ ತೋರಿದ. ಒಳಗೆ ಹೋಗುತ್ತ ಅವಳು ಕಣ್ಣನ್ನು ಸುತ್ತಲೂ ಓಡಿಸಿದಳು. ಮೇಜಿನ ಮೇಲೆ ಹೂವಿನ ಬಟ್ಟೆಯಲ್ಲಿ ಒಪ್ಪವಾಗಿ ಕಟ್ಟಿದ ಬುತ್ತಿ ಕಂಡಿತು. ಯಾರು ಕಟ್ಟಿದ್ದು ಎಂದು ನಮಸ್ಕಾರಕ್ಕೂ ಮೊದಲು ಕೇಳಿದಳು. ಅವ್ವ ಕಟ್ಟಿದ್ದು ಎಂದು ಚನ್ನು ಗಾಬರಿಯಲ್ಲಿ ಎದ್ದು ನಿಂತ.

“ಹೊರಗಿನಾಕಿನ್ನ ಎಲ್ಲಿ ಇಟ್ಟೀರಿ?”

“ಯಾರನ್ರೀ?”

ಗೋಡೆಯಾಚೆ ಕೇಳಿದ ಮಾತನ್ನು ಅವಳು ಒಂದಕ್ಷರ ಬಿಡದೆ ಒಪ್ಪಿಸಿದಳು. ಚನ್ನು ಕಣ್ಣರಳಿಸಿ ಕೇಳಿದ. ಕೊನೆಗೆ ಅರ್ಥವಾದಾಗ ಅವನಿಗೆ ಬಂದ ನಗು ಎಂಥದೆಂದರೆ, ಪಕ್ಕದ ಟಯರಿನ ಮೇಲೆ ಕುಸಿದು ಕೂರಬೇಕಾಯಿತು. ವಾಸಿಂ ವೆಲ್ಡಿಂಗ್ ನಿಲ್ಲಿಸಿ ಇಣುಕಿದ.

“ಬರ್ರಿ,” ಎಂದ ಚನ್ನು ಕಣ್ಣೊರೆಸಿಕೊಳ್ಳುತ್ತ, “ಇಬ್ಬರನ್ನೂ ತೋರಸ್ತೀನಿ.”

ನೀಲಿ ಕಾರಿನಲ್ಲಿ ಕೂರಿಸಿ ಲ್ಯಾಪ್‌ಟಾಪನ್ನು ಅವಳ ತೊಡೆಯ ಮೇಲೆ ಇಟ್ಟ. ಪರದೆಯ ತುಂಬ ಅಂಕಿ ತುಂಬಿದ ಬಣ್ಣಬಣ್ಣದ ಚೌಕಗಳು. ಇದಕ್ಕೆ ಮ್ಯಾಪ್ ಎನ್ನುತ್ತಾರೆ ಎಂದ. ಎಷ್ಟು ಗಾಳಿ, ಎಷ್ಟು ಪೆಟ್ರೋಲು, ಕಿಡಿ ಯಾವಾಗ, ಎಲ್ಲ ಇದು ಹೇಳಿದಂತೆ. ಆಸೀಮ್ ಭಾಯ್ ಹೆಂಡತಿ ಮಕ್ಕಳನ್ನು ಸ್ಕೂಲಿಗೆ ಬಿಡುವುದೂ ಇದೇ ಗಾಡಿಯಲ್ಲಿ. ಅವರಿಗೆ ಮೆತ್ತಗಿನ ಮನೆ ಮ್ಯಾಪು, ಭಾಯ್ ರೇಸ್ ಟ್ರ್ಯಾಕಿಗೆ ಹೋದಾಗ ಹೊರಗಿನ ಮ್ಯಾಪು. ಸ್ಟೇರಿಂಗಿನ ಮೇಲಿನ ಗುಂಡಿ ಒತ್ತಿದರೆ ಇದು ಹೋಗಿ ಅದು ಬರುತ್ತದೆ.

ಶಿವರಂಜನಿ ಆ ಅಂಕಿಗಳನ್ನೇ ನೋಡುತ್ತ ಕೂತಳು. ನಾಚಿಕೆಯಾಯಿತು, ತೋರಿಸಿಕೊಳ್ಳಲಿಲ್ಲ. ಆದರೆ ಅದೇಕೋ ಲಿಂಗಸುಗೂರಿನ ಕತೆಯನ್ನು ಅವಳೇ ಹೇಳಿಬಿಟ್ಟಳು. ಮನೆಯ ಹೊರಗೆ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಚನ್ನುವಿನ ನಗು ನಿಂತಿತು.

“ನಕ್ಕಿದ್ದು ತಪ್ಪಾತ್ರೀ,” ಎಂದ. “ನಿಮಗ ಏನ್ ಕೇಳಬೇಕು ಅನಸ್ತೈತಿ, ಎಲ್ಲಾ ಕೇಳ್ರಿ. ಕೇಳಿದ್ದಕ್ಕೆಲ್ಲಾ ಖರೇನಽ ಹೇಳ್ತೀನಿ.”

ಹೇಗೂ ಟ್ರಯಲ್ ಇದೆ, ಮಸ್ಕಿವರೆಗೆ ಬಿಡುತ್ತೇನೆ ಎಂದ. ಅವಳು ಅವ್ವನಿಗೆ ಫೋನಿನಲ್ಲಿ ಹೇಳಿಯೇ ಕಾರು ಹತ್ತಿದಳು. ಅವ್ವ ಆ ಕಡೆಯಿಂದ ಬೇಡ ಎನ್ನಲು ಮರೆತೇಬಿಟ್ಟಳು.

ಕಾಲುವೆ ನೀರಿನ ಭತ್ತದ ಹಸಿರು ಹಿಂದೆ ಸರಿದು ಎರೆಹೊಲ ಶುರುವಾಯಿತು. ಕಾರು ಮಾತಾಡದೆ ಹೋಗುತ್ತಿತ್ತು. ಇದಕ್ಕೇನು ಬಾಯಿಗೆ ಬಟ್ಟೆ ತುರುಕಿದ್ದೀರಾ ಎಂದು ಕೇಳಿದಳು. ಇದು ಮನೆ ಮ್ಯಾಪು ಎಂದು ನಕ್ಕು, ಗುಂಡಿ ಒತ್ತಲು ಹೇಳಿದ. ಒತ್ತಿದಳು. ಅವನು ಆಕ್ಸಿಲರೇಟರಿನ ಮೇಲೆ ಕಾಲು ಅದುಮಿದ. ಬೆನ್ನು ಸೀಟಿಗೆ ಅಂಟಿತು, ‘ಸುಂಯ್’ ಎಂದು ಶಿಳ್ಳೆ ಏರಿತು, ಅವಳ ಬಾಯಿಂದ ತಾನಾಗಿ ನಗು ಹೊರಟಿತು. ಅವನು ಪಕ್ಕಕ್ಕೆ ಒಂದು ಸಲ ಕದ್ದು ನೋಡಿ ಮತ್ತೆ ರಸ್ತೆಗೆ ಕಣ್ಣು ಕೀಲಿಸಿದ. ಮುಂದೆ ಕುರಿಹಿಂಡು ಅಡ್ಡ ಬಂತು. ಕಾಲು ತೆಗೆದ. ‘ಪಿಶ್ಶ್’.

ಅದೇನು ಎಂದಳು. ಕಾಲು ತೆಗೆದರೆ ಒತ್ತಿದ ಗಾಳಿಗೆ ಹೋಗಲು ಜಾಗವಿರುವುದಿಲ್ಲ, ಒಂದು ವಾಲ್ವು ತೆರೆದು ಅದನ್ನು ಹೊರಗೆ ಬಿಡುತ್ತದೆ, ಕಾಲು ತೆಗೆಯದಿದ್ದರೆ ಆ ಸದ್ದೇ ಬರುವುದಿಲ್ಲ ಎಂದು ಅವನು ಹುರುಪಿನಿಂದ ವಿವರಿಸಿದ. ಏನು ಹೇಳಿದೆನೆಂಬುದು ಅವನಿಗೇ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು. ಮಸ್ಕಿಯ ಗುಡ್ಡ ಕಾಣಿಸಿದಾಗ ಅವಳು ಅವನ ಕಡೆ ತಿರುಗಿದಳು.

“ಒಂದು ಕೇಳ್ಲ್ಯಾ?”

“ಕೇಳ್ರಿ.”

“ನಮ್ಮ ಅಂಗಡಿ ಇರೋದು ಊರು ಮುಗಿಯೋ ಕಡೆ. ರೋಡು ನೆಟ್ಟಗೈತಿ. ಬ್ರೇಕರ್ ಇಲ್ಲ, ತಿರುವಿಲ್ಲ, ಎಲ್ಲಾ ಗಾಡಿ ಅಲ್ಲೇ ಜೋರು ಮಾಡ್ತಾವ. ನೀವು ಯಾಕ ಕಾಲು ತಗೀತಿದ್ರಿ?”

ಅವಳ ಕಡೆಗಿದ್ದ ಚನ್ನುವಿನ ಕಿವಿ ನೋಡನೋಡುತ್ತ ಕೆಂಪಾಯಿತು. ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ.

“ಮೊದಲ್ನೇ ಸಲ ಕಾಲು ತಾನಽ ಮ್ಯಾಲ ಬಂತ್ರೀ,” ಎಂದ. “ನೀವು ಹರದ ಚೀಲ ಹಿಡಕೊಂಡು ಲಾರಿ ಡ್ರೈವರಗ ಬೈಯ್ಯಾಕತ್ತಿದ್ರಿ. ಆಮ್ಯಾಲಿಂದೆಲ್ಲಾ ನಾನಽ ತಗದೀನಿ. ಸಪ್ಪಳಾದ್ರ ನೀವು ಕತ್ತೆತ್ತಿ ನೋಡ್ತಿದ್ರಿ. ಬೈದಂಗ ನೋಡ್ತಿದ್ರಿ, ಆದ್ರೂ ನೋಡ್ತಿದ್ರಿ. ಅವ್ವನ ಕಡಿಂದ ಸಂಬಂಧ ಕೇಳಿಸಿದ್ದೂ ನಾನಽ.”

“ಅಂದ್ರ ಅವತ್ತು ಗಾಡಿ ಹೊಡೀತೈತಿ ಅಂತ ಸುಳ್ಳು ಹೇಳಿದ್ರಿ.”

“ಅರ್ಧ ಖರೇ ಹೇಳಿದ್ದೆ.”

“ಅರ್ಧ ಖರೇ ಅಂದ್ರೂ ಸುಳ್ಳಽ.”

ಔಷಧಿ ಡಬ್ಬಿಗಳ ಚೀಲ ಎತ್ತಿಕೊಂಡು ಅವಳು ಇಳಿದಳು. ಹಿಂದೆ ತಿರುಗಿ ನೋಡದೆ ಊರೊಳಕ್ಕೆ ನಡೆದಳು. ಅವನೂ ಕರೆಯಲಿಲ್ಲ.

ಭಾನುವಾರವಿಡೀ ಅವಳು ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಲಿಂಗಸುಗೂರಿನವನು ಸಿಕ್ಕಿಬಿದ್ದಾಗ ದೇವರ ಮೇಲೆ ಆಣೆ ಹಾಕಿ ಇಲ್ಲ ಎಂದಿದ್ದ, ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಇವನಿಗೆ ಒಂದು ಪ್ರಶ್ನೆಗೇ ಕಿವಿ ಕೆಂಪಾಗಿತ್ತು. ಇಷ್ಟು ಬೇಗ ಸಿಕ್ಕಿಬೀಳುವ ಕಿವಿ ಇಟ್ಟುಕೊಂಡವನು ಮೋಸ ಮಾಡುವುದಾದರೂ ಹೇಗೆ? ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಅಪ್ಪ ಏನು ಹೇಳಿ ಕಳಿಸಲಿ ಎಂದು ಕೇಳಿದರು. ಆಮೇಲೆ ಹೇಳುತ್ತೇನೆ ಎಂದು ಅಂಗಡಿಗೆ ಬಂದಳು. ಅಂಗಡಿಯಲ್ಲಿ ಮತ್ತೆ ಕೇಳಿದರು. ಆಗಲೇ ನೀಲಿ ಕಾರು ಸಿಂಧನೂರಿನ ಕಡೆಯಿಂದ ಬಂತು. ಶಿಳ್ಳೆ ಏರಲಿಲ್ಲ, ‘ಪಿಶ್ಶ್’ ಇಲ್ಲ. ಯಾರದೋ ಮನೆಯ ಮದುವೆಗೆ ಕರೆಯದೆ ಬಂದ ನೆಂಟನಂತೆ ತಲೆತಗ್ಗಿಸಿ, ಸದ್ದಿಲ್ಲದೆ ಅಂಗಡಿ ದಾಟಿ ಹೋಯಿತು.

ಶಿವರಂಜನಿಗೆ ಕೆಟ್ಟ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ತಾನು ಗಲ್ಲಾ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದೇನೆ ಎಂದು. ಕಾಯುತ್ತಿದ್ದಳು. ಇಷ್ಟು ದಿನವೂ ಕಾಯುತ್ತಲೇ ಇದ್ದಳೇನೋ, ಬೈಯುವ ನೆಪದಲ್ಲಿ. ಚನ್ನುವಿಗೆ ಫೋನ್ ಮಾಡಿದಳು.

“ಇವತ್ತು ಯಾಕ ಕಾಲು ತಗೀಲಿಲ್ಲ?”

“ನಿಮಗ ಸಿಟ್ಟು ಐತಲ್ರೀ. ಅದಕ್ಕ ಮನಿ ಮ್ಯಾಪಿನ್ಯಾಗ ಬಂದೆ.”

“ಗಾಡಿ ತಿರುಗಿಸಿಕೊಂಡು ಬರ್ರಿ,” ಎಂದಳು. “ಹೊರಗಿಂದು ಹಾಕ್ಕೊಂಡು ಬರ್ರಿ.”

ಲಿಂಗಸುಗೂರಿನ ಕಡೆಯಿಂದ ‘ಸುಂಯ್’ ಎಂದು ಏರುತ್ತ ಬಂತು. ಬಾಗಿಲ ಮುಂದೆ ‘ಪಿಶ್ಶ್’. ಗೊಬ್ಬರ ಕೊಳ್ಳಲು ಬಂದಿದ್ದ ರೈತ ಹುಬ್ಬು ಗಂಟಿಕ್ಕಿ, ಯಾವನವನು ಹಾಡಹಗಲೇ ಶಿಳ್ಳೆ ಹೊಡೆಯುವವನು ಎಂದ. ಅಮರಗುಂಡಪ್ಪನವರು ಎಲ್ಲ ತಿಳಿದವರಂತೆ ನಕ್ಕು, ಅದು ಮನುಷ್ಯರ ಶಿಳ್ಳೆಯಲ್ಲ, ಗಾಡಿಯದು, ಅದಕ್ಕೆ ಟರ್ಬೋ ಎನ್ನುತ್ತಾರೆ ಎಂದು ಅವನಿಗೆ ವಿವರಿಸತೊಡಗಿದರು.

“ಗಾಡಿ ಅಲ್ಲ ಯಪ್ಪಾ,” ಎಂದಳು ಶಿವರಂಜನಿ, ರಸ್ತೆಯಿಂದ ಕಣ್ಣು ತೆಗೆಯದೆ. “ಅವರಽ ಶಿಳ್ಳಿ ಹೊಡೀತಾರ. ನನಗಽ ಹೊಡೀತಾರ. ಸಿಂಧನೂರಿಗೆ ಹೂಂ ಅಂತ ಹೇಳಿ ಕಳಸ್ರಿ.”