ಗೇಣು ಕಡಿಮೆಯ ಹಾಯಿ

ಬಲು ಹಿಂದಿನ ಮಾತು. ಪಡುವಣ ಕಡಲಿನ ಅಂಚಿನಲ್ಲಿ ಸಿಂಪಿಪುರ ಎಂಬ ರಾಜ್ಯವಿತ್ತು. ಅದರ ಎದುರಿಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಕರಿಗಲ್ಲಿನ ಒಂದು ದ್ವೀಪ. ಅಲ್ಲಿ ಊದುಮಾರ ಎಂಬ ಮಾಂತ್ರಿಕ. ಅವನು ಶಂಖ ಊದಿದರೆ ಎದುರುಗಾಳಿ ಏಳುತ್ತಿತ್ತು, ಹಡಗುಗಳು ಬಂಡೆಗೆ ಬಡಿದು ಒಡೆಯುತ್ತಿದ್ದವು, ನೀರಿಗೆ ಬಿದ್ದವರು ಬಿಳಿ ಹಕ್ಕಿಗಳಾಗಿ ದ್ವೀಪ ಸೇರುತ್ತಿದ್ದರು. ಬಿದ್ದ ಮೇಲಿನ ಮೂರನೆಯ ಹುಣ್ಣಿಮೆಯ ಸೂರ್ಯ ಮುಳುಗಿದರೆ ಅವರು ಹಕ್ಕಿಗಳೇ. ಆಮೇಲೆ ಬಿಡಿಸುವ ದಾರಿಯಿಲ್ಲ.

ರಾಜನ ದೊಡ್ಡ ಹಡಗುಗಳೆಲ್ಲ ಒಂದೇ ತಿಂಗಳಲ್ಲಿ ಹೀಗೇ ಹೋದವು. ಕೊನೆಯ ಹಡಗಿನಲ್ಲಿ ಹಾಯಿ ಕಟ್ಟಲು ಹೋಗಿದ್ದ ಚೆನ್ನಿಯೂ ಹೋದಳು. ಹಾಯಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ರಾಜ್ಯದಲ್ಲಿರಲಿಲ್ಲ. ಅವಳ ಗಂಡ ಮಂಕಾಳನ ಪಾಲಿಗೆ ಉಳಿದದ್ದು ಒಂದು ಹಳೆಯ ಪುಟ್ಟ ದೋಣಿ, ಅದಕ್ಕೆ ಚೆನ್ನಿ ಎಂದೋ ಹೊಲಿದುಕೊಟ್ಟಿದ್ದ ಒಂದು ಹರಕು ಹಾಯಿ.

ದೋಣಿಗೆ ಮಾತು ಬರುತ್ತಿತ್ತು. ನಲವತ್ತು ಮಳೆಗಾಲ ಕಂಡ ದೋಣಿಗಳೆಲ್ಲ ಅಲ್ಲಿ ಮಾತಾಡುತ್ತಿದ್ದವು. ಯಾರೂ ಕಿವಿಗೊಡುತ್ತಿರಲಿಲ್ಲ, ಅಷ್ಟೆ.

"ಹುಣ್ಣಿಮೆಯ ಉಬ್ಬರದಲ್ಲಿ ಬಂಡೆಗಳ ಮೇಲೆಯೇ ದಾಟಿಬಿಡ್ತೇನೆ, ಪುಟ್ಟವಳಲ್ವಾ ನಾನು?" ಅಂದಿತು ದೋಣಿ. "ಆದರೆ ಎದುರುಗಾಳಿಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹತ್ತಬೇಕು. ಈ ಹರಕು ಕಟ್ಟಿಕೊಂಡು ಅದು ಆಗೋದಿಲ್ಲ ಮಾರಾಯ."

ಮಂಕಾಳ ರಾಜನ ಬಳಿ ಹೋದ. ರಾಜ ತನ್ನ ಪಟ್ಟಾಭಿಷೇಕದ ರೇಷ್ಮೆಯನ್ನೇ ಕೊಟ್ಟ. ಬೆಲೆ ಹೆಚ್ಚಾದ್ದರಿಂದ ಬಾಳಿಕೆಯೂ ಹೆಚ್ಚೆಂದು ಮಂಕಾಳ ನಂಬಿದ. ಹಾಗೆ ನಂಬಿ ಕೆಟ್ಟವರು ಅವನಿಗಿಂತ ಮೊದಲೂ ಇದ್ದರು. ಮೊದಲ ಹುಣ್ಣಿಮೆಯ ಬೆಳಗ್ಗೆ ಹೊರಟ. ಊದುಮಾರ ಒಮ್ಮೆ ಊದಿದ. ರೇಷ್ಮೆ ಮೇಲಿಂದ ಕೆಳಗೆ ಪರ್ರನೆ ಸೀಳಿತು.

ಬಿಳಿ ಹಕ್ಕಿಯೊಂದು ಬಂದು ದೋಣಿಯ ಕಂಬದ ಮೇಲೆ ಕೂತಿತು.

"ನಾನು ರೀ, ಚೆನ್ನಿ. ಬೇಗ ಬನ್ನಿ. ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಅನ್ನೋದು ಆಗಲೇ ಮರೆತುಹೋಯ್ತು."

ಗಾಳಿ ದೋಣಿಯನ್ನು ದಡಕ್ಕೆ ಎಸೆಯಿತು.

ಮಂಕಾಳ ನೇಕಾರಗಿತ್ತಿ ದ್ಯಾವಕ್ಕನ ಬಳಿ ಹೋಗಿ ಒತ್ತಾಗಿ ನೇಯ್ದ ಹತ್ತಿಬಟ್ಟೆ ತಂದ. ಹಳೆಯ ಹಾಯಿಯನ್ನು ಮರಳ ಮೇಲೆ ಹಾಸಿದ. ಅದರ ಮೇಲೆ ಹೊಸ ಬಟ್ಟೆ ಹಾಸಿ, ಒಂದು ಬೆರಳೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸಿದ. ಚೆನ್ನಿಯ ಕೈಯ ಅಳತೆ, ತಪ್ಪಾಗುವುದುಂಟೆ?

ತಪ್ಪಾಯಿತು. ಎರಡನೆಯ ಹುಣ್ಣಿಮೆಯಂದು ಊದುಮಾರ ಎರಡು ಸಲ ಊದಿದ. ಹೊಸ ಬಟ್ಟೆ ನೀರು ಕುಡಿಯಿತು, ಗಾಳಿಗೆ ಎಳೆದುಕೊಂಡಿತು, ಮಧ್ಯಾಹ್ನಕ್ಕೆ ಜೋಳಿಗೆಯಂತೆ ಜೋತುಬಿತ್ತು. ದೋಣಿ ಮುಂದೆ ಹೋಗಲಾರದೆ ಏಡಿಯಂತೆ ಅಡ್ಡಡ್ಡ ಜಾರಿತು.

ಹಕ್ಕಿ ಬಂದು ಕೂತಿತು. "ನೀವು ಯಾರ ಕಡೆಯವರು?"

"ನಿನ್ನ ಗಂಡ ಕಣೇ!"

"ಗಂಡ ಅಂದರೆ?"

ಈ ಸಲ ದಡಕ್ಕೆ ಬಿದ್ದ ಮಂಕಾಳ ಬಹಳ ದಿನ ಏಳಲಿಲ್ಲ. ಅಳಲೂ ಇಲ್ಲ. ಅಳುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕು. ಮೂರನೆಯ ಹುಣ್ಣಿಮೆಗೆ ನಾಲ್ಕು ದಿನವಿದೆ ಅನ್ನುವಾಗ, ಸುಮ್ಮನೆ ಕೂರಲಾರದೆ, ದ್ಯಾವಕ್ಕನ ಮನೆಗೆ ಹೋದ.

"ಮಗ್ಗ ಖಾಲಿ ಮಗಾ," ಅಂದಳು ಮುದುಕಿ. "ನೂಲು ತರುವ ಹಡಗೇ ಇಲ್ಲವಲ್ಲ. ನನ್ನ ಹೆಣಕ್ಕೆ, ನನ್ನ ಮುದುಕನ ಹೆಣಕ್ಕೆ ಅಂತ ನೇಯ್ದಿಟ್ಟ ಬಟ್ಟೆ ಮಾತ್ರ ಪೆಟ್ಟಿಗೆಯಲ್ಲಿದೆ. ತಗೊಂಡು ಹೋಗು. ನಮಗಿಂತ ನಿನಗೇ ಅವಸರ ಇದ್ದಂತಿದೆ."

ಮರಳ ಮೇಲೆ ಹಾಸಿ ನೋಡಿದರೆ ಎರಡೂ ಬಟ್ಟೆ ಸೇರಿ ಹಳೆಯ ಹಾಯಿಗಿಂತ ಸುತ್ತಲೂ ಒಂದು ಗೇಣು ಕಡಿಮೆ. ಮಂಕಾಳ ಸೂಜಿಯನ್ನು ಮರಳಿಗೆ ಎಸೆದ.

"ಹೆಣದ ಬಟ್ಟೆ ತಂದೆ, ಅದೂ ಸಾಲಲಿಲ್ಲ. ಮುಗಿಯಿತು."

"ಸೂಜಿ ಎತ್ತಿಕೋ," ಅಂದಿತು ದೋಣಿ. "ಗೇಣು ಕಡಿಮೆಯೇ ಇರಬೇಕು. ಹಳೆಯ ಹಾಯಿ ಹುಟ್ಟಿದಾಗ ಇಷ್ಟು ದೊಡ್ಡದಿತ್ತಾ? ಇಷ್ಟು ವರ್ಷದ ಗಾಳಿ ಅದನ್ನು ಎಳೆದು ಎಳೆದು ಹಿಗ್ಗಿಸಿದೆ. ಹೊಸತೂ ಹಿಗ್ಗುತ್ತದೆ. ಚೆನ್ನಿ ಯಾವಾಗಲೂ ಸುತ್ತ ಒಂದು ಗೇಣು ಕಡಿಮೆಯೇ ಕತ್ತರಿಸ್ತಿದ್ದಳು. ಅದು ಅವಳ ತವರಿನ ಗುಟ್ಟು."

"ನಿನಗೆ ಹೇಗೆ ಗೊತ್ತು?"

"ನನ್ನ ನೆರಳಲ್ಲೇ ಕೂತು ಹೊಲೀತಿದ್ದಳು. ನೀನು ಅಲ್ಲೇ ಗೊರಕೆ ಹೊಡೀತಿದ್ದೆ."

"ಮೊದಲೇ ಹೇಳಬಾರದಿತ್ತಾ, ಹಾಳು ದೋಣಿ!"

"ಬಟ್ಟೆ ಕೇಳೋಕೆ ರಾಜನ ಹತ್ತಿರ ಓಡಿದೆ. ಅಳತೆ ಕೇಳೋಕೆ ನನ್ನ ಹತ್ತಿರ ಬಂದೆಯಾ?"

ಮಂಕಾಳ ಸೂಜಿ ಹುಡುಕಿ ತೆಗೆದ.

ಮೂರನೆಯ ಹುಣ್ಣಿಮೆಯಂದು ಊದುಮಾರ ಮೂರು ಸಲ ಊದಿದ. ಬಟ್ಟೆ ನೀರು ಕುಡಿಯಿತು, ಎಳೆದುಕೊಂಡಿತು, ಹಳೆಯ ಅಳತೆಗೆ ಬಂದು ಚೆಂಡೆಯ ಚರ್ಮದಂತೆ ಬಿಗಿಯಾಗಿ ನಿಂತಿತು. ದೋಣಿ ಎಡಕ್ಕೆ ಹತ್ತಿತು, ಬಲಕ್ಕೆ ಹತ್ತಿತು. ಬಿಳಿ ಹಕ್ಕಿ ಬಂದಿತು. ಮಂಕಾಳ "ಚೆನ್ನೀ" ಎಂದು ಕೂಗಿದ. ಅದು ಅವನ ಬುತ್ತಿಯಿಂದ ಒಣಮೀನು ಕಚ್ಚಿಕೊಂಡು ಹಾರಿಹೋಯಿತು. ಆಗ ಅವನ ಕೈ ಚುಕ್ಕಾಣಿಯಿಂದ ಜಾರಿತು. ದೋಣಿ ಬೈದ ಮೇಲೆ ಮತ್ತೆ ಹಿಡಿದ.

ಸೂರ್ಯ ನೀರು ಮುಟ್ಟುವ ಮೊದಲು ದೋಣಿ ದ್ವೀಪಕ್ಕೆ ತಾಗಿತು. ಊದುಮಾರ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನ ಬಳಿ ಇದ್ದ ಸರಕು ಗಾಳಿ ಒಂದೇ. ಅದನ್ನು ದಾಟಿ ಬಂದವನಿಗೆ ಏನು ಮಾಡಬೇಕೆಂದು ಅವನು ಎಂದೂ ಯೋಚಿಸಿರಲಿಲ್ಲ.

"ಏನು ಬೇಕು ನಿನಗೆ?"

"ಶಂಖ," ಎಂದ ಮಂಕಾಳ. ಹುಟ್ಟನ್ನೆತ್ತಿ ಒಂದೇಟು ಹಾಕಿದ. ಶಂಖ ಚೂರಾಯಿತು. ಅದರೊಳಗಿದ್ದ ಗಾಳಿಯೆಲ್ಲ ಒಟ್ಟಿಗೆ ಹೊರಬಂದು, ಊದುಮಾರನನ್ನು ತರಗೆಲೆಯಂತೆ ಹೊತ್ತುಕೊಂಡು ಹೋಯಿತು.

ಹಕ್ಕಿಗಳೆಲ್ಲ ಮನುಷ್ಯರಾದರು. ಚೆನ್ನಿಯೂ ಆದಳು. ಆದರೆ ಅವಳು ಮಂಕಾಳನನ್ನು ನೋಡಿದ್ದು, ಸಂತೆಯಲ್ಲಿ ಎದುರು ಸಿಕ್ಕ ಯಾರನ್ನೋ ನೋಡಿದಂತೆ. ತಡವಾಯಿತು ಎಂದುಕೊಂಡ ಮಂಕಾಳ. ದೋಣಿಯತ್ತ ತಿರುಗಿದ.

ಚೆನ್ನಿ ಹಿಂದೆಯೇ ಬಂದಳು. ಹಾಯಿಯ ಅಂಚನ್ನು ಬೆರಳಲ್ಲಿ ಹಿಡಿದಳು, ಮೂಲೆಯಿಂದ ಮೂಲೆಗೆ ಗೇಣು ಹಾಕಿದಳು.

"ಹಿಗ್ಗಿ ಸರಿಯಾದ ಅಳತೆಗೆ ಬಂದಿದೆ, ಅಂದರೆ ಗೇಣು ಕಡಿಮೆ ಕತ್ತರಿಸಿದ್ದಾರೆ. ಇದು ನನ್ನ ತವರಿನ ಗುಟ್ಟು. ಇದನ್ನ ಯಾರು..." ಹೊಲಿಗೆಯ ಮೇಲೆ ಕಣ್ಣು ಬಿತ್ತು. "ಥೂ! ಕೋಳಿ ಕೆರೆದಂಗೆ ಹೊಲಿಗೆ. ರೀ, ಇದು ನಿಮ್ಮದೇ ಕೈ ತಾನೇ?"

ಆಗ ಮಂಕಾಳ ಅತ್ತ.

ಆಮೇಲೆ ಸಿಂಪಿಪುರಕ್ಕೆ ಹಡಗುಗಳು ಬಂದವು, ನೂಲು ಬಂತು, ಎಲ್ಲರ ಒಲೆಯೂ ಉರಿಯಿತು. ಮಂಕಾಳ, ಚೆನ್ನಿ ಸೇರಿ ಆ ಮುದುಕನಿಗೂ ಮುದುಕಿಗೂ ಬೇರೆ ಹೆಣದ ಬಟ್ಟೆ ನೇಯಿಸಿ ಪೆಟ್ಟಿಗೆಯಲ್ಲಿಟ್ಟರು. ಮುಂದಿನ ಇಪ್ಪತ್ತು ವರ್ಷ ದ್ಯಾವಕ್ಕನಿಗೆ ಆ ಪೆಟ್ಟಿಗೆ ತೆರೆಯುವ ಕೆಲಸವೇ ಬೀಳಲಿಲ್ಲ.