ಉಸಿರು ಅಳೆಯುವವನ ಪಕ್ಷಪಾತ

"ನಿಲ್ಸಿ! ಇನ್ನೊಂದು ಮಾತೂ ಆಡಬೇಡಿ!"

ಬಿಳಿ ಕೋಟಿನ ಆ ಮನುಷ್ಯ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನಿಂತಿದ್ದ.

ಎವೊರಾ ಊರಿನ ಆಸ್ಪತ್ರೆಯ ಪಡಸಾಲೆಯ ಬೆಂಚುಗಳ ಮೇಲಿದ್ದ ಮುದುಕರೆಲ್ಲ ತಿರುಗಿ ನೋಡಿದರು. ಇರಿಯಾಳ ಮುಖ ಕೆಂಪಾಯಿತು. ಅವಳು ಹೇಳಿದ್ದಾದರೂ ಏನು? "ನಾನು ಇರಿಯಾ, ಸಂಗೀತ ವಿಭಾಗದವಳು. ಇವತ್ತು ನಮ್ಮ ಹಾಡಿನ ಮನೇಲಿ ಏನಾಯ್ತು ಗೊತ್ತಾ..." ಅಷ್ಟೇ!

ಅವನು ಕಿವಿಯಿಂದ ಕೈ ತೆಗೆಯದೆಯೇ ಹಿಂದೆ ಸರಿದು ಕೋಣೆ ಸೇರಿದ. ಭುಜದಿಂದ ಬಾಗಿಲು ನೂಕಿ ಮುಚ್ಚಿಕೊಂಡ.

"ಕಾಯಿಲೆ ನಮಗೋ, ಡಾಕ್ಟ್ರಿಗೋ?" ಬೆಂಚಿನ ಮೇಲಿದ್ದ ಒಬ್ಬ ಮುದುಕ ಕೇಳಿದ. ಎಲ್ಲರೂ ನಕ್ಕರು. ನಗು ಕೂಡಲೇ ಕೆಮ್ಮಾಯಿತು.

ಇರಿಯಾ ನೇರವಾಗಿ ಯೋಜನೆಯ ಮುಖ್ಯಸ್ಥೆ ಪ್ರೊಫೆಸರ್ ಲಿಯೊನಿಲ್ಡೆಯವರ ಬಳಿಗೆ ಹೋದಳು. ಅವರು ಕನ್ನಡಕ ಮೇಲೇರಿಸಿ ನಿಟ್ಟುಸಿರು ಬಿಟ್ಟರು.

"ಟೆಲ್ಮು ನಿನ್ನ ಮೇಲೆ ರೇಗಿದ್ದಲ್ಲ ಕಣೇ. ನಿನ್ನಿಂದ ತಪ್ಪಿಸ್ಕೊಂಡ. ನಮ್ಮ ಮುದುಕರಲ್ಲಿ ಅರ್ಧ ಜನ ನಿನ್ನ ಹತ್ರ ಹಾಡ್ತಾರೆ, ಉಳಿದರ್ಧ ಆಸ್ಪತ್ರೆಯ ಮಾಮೂಲಿ ಉಸಿರಿನ ವ್ಯಾಯಾಮ ಮಾಡ್ತಾರೆ. ಚೀಟಿ ಎತ್ತಿ ಹಂಚಿದ್ದೀವಿ. ಯಾರು ಯಾವ ಗುಂಪು ಅಂತ ಉಸಿರು ಅಳೆಯೋ ಅವನಿಗೆ ಗೊತ್ತಾಗಲೇಬಾರದು. ಮೊದಲ ದಿನವೇ ಹೇಳಿದ್ದೆ, ಮರೆತುಬಿಟ್ಟೆಯಾ?"

ಮರೆತಿರಲಿಲ್ಲ. ಸಂತೋಷದಲ್ಲಿ ಬಾಯಿ ಜಾರಿತ್ತು.

ಆದರೂ... ಅಷ್ಟು ಜನರ ಎದುರು ಹಾಗೆ ಅವಮಾನ ಮಾಡಬೇಕಿತ್ತೇ? ಇರಿಯಾಳ ಮನಸ್ಸಿನಲ್ಲಿ ಅಂದೇ ಒಂದು ಮುಳ್ಳು ಮುರಿದು ಕೂತಿತು.

ಅದಕ್ಕೆ ಕಾರಣವೂ ಇತ್ತು. ಅವಳ ಹಿಂದಿನ ಸಂಶೋಧನೆಯನ್ನು ವಿಜ್ಞಾನ ವಿಭಾಗದ ಒಬ್ಬ ದೊಡ್ಡ ಮನುಷ್ಯ "ಚೆಂದದ ಭಾವನೆ, ಪುರಾವೆ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಈ ಸಲವೂ ಹಾಗಾದರೆ ಗಣಿಯ ಊರಿನ ಹಾಡಿನ ಮನೆಗೆ ಬೀಗ. ಎದೆಯಲ್ಲಿ ಕಲ್ಲಿನ ಧೂಳು ಹೊತ್ತ ಆ ಮುದುಕರು ಮತ್ತೆ ತಮ್ಮ ತಮ್ಮ ಕುರ್ಚಿಗಳಿಗೆ, ತಮ್ಮ ತಮ್ಮ ಕಿಟಕಿಗಳಿಗೆ. ಅವಳಪ್ಪನೂ ಹಾಗೆಯೇ ಒಂದು ಕಿಟಕಿಯ ಪಕ್ಕ ಕೂತು ಕೂತು ಹೋದವನು. ಊರಿಗೇ ಎತ್ತರದ ದನಿಯಿದ್ದ ಅವನು ಕೊನೆಯ ವರ್ಷಗಳಲ್ಲಿ ಒಂದು ಸಾಲೂ ಹಾಡಲಿಲ್ಲ. ಹಾಡಲು ಹೋದರೆ ಉಸಿರು ಕಟ್ಟುತ್ತದೆಂಬ ಭಯ!

ಆ ಭಯವನ್ನು ಗೆಲ್ಲಬೇಕೆಂದೇ ಅವಳು ಈ ಕೆಲಸಕ್ಕೆ ಇಳಿದಿದ್ದಳು. ಗೆಲುವು ಸೋಲು ಎರಡೂ ಈಗ ಆ ಕಿವಿ ಮುಚ್ಚಿಕೊಳ್ಳುವ ಮನುಷ್ಯನ ಕೈಯಲ್ಲಿ!

* * *

ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಎಲ್ಲ ವಿಭಾಗದವರಿಗೂ ಒಂದೇ ಉದ್ದನೆಯ ಮೇಜು. ಒಬ್ಬ ಓಕ್ ಮರದ ತೊಗಟೆಗೆ ಹತ್ತುವ ಬೂಷ್ಟಿನ ಬಗ್ಗೆ ಮಾತಾಡಿದರೆ, ಪಕ್ಕದವಳು ಹಳೆಯ ಚರ್ಚಿನ ಗೋಡೆಯ ಹೆಂಚುಗಳಲ್ಲಿ ನೀಲಿ ಯಾಕೆ ಮಾಸುವುದಿಲ್ಲ ಎಂದು ವಾದಿಸುತ್ತಾಳೆ. ಇನ್ನೊಬ್ಬ ದಾದಿಯರ ಬೆನ್ನುನೋವಿನ ಮೇಲೆ ಡಾಕ್ಟರೇಟ್ ಮಾಡುತ್ತ ತನ್ನ ಬೆನ್ನನ್ನೇ ಒತ್ತಿಕೊಳ್ಳುತ್ತಾನೆ.

ಇರಿಯಾ ತಟ್ಟೆ ಹಿಡಿದು ಬಂದಾಗ ಖಾಲಿಯಿದ್ದದ್ದು ಒಂದೇ ಜಾಗ. ಟೆಲ್ಮುವಿನ ಎದುರು.

"ಕೂತ್ಕೋಬಹುದಾ? ಇಲ್ಲ, ಈಗಲೂ ಕಿವಿ ಮುಚ್ಕೋತೀರಾ?"

"ಕೆಲಸದ ವಿಷಯ ಬಿಟ್ಟು ಏನು ಬೇಕಾದ್ರೂ ಮಾತಾಡಿ," ಅವನು ಮೆಲ್ಲಗೆ ಹೇಳಿದ. "ಅವತ್ತು ಒರಟಾಗಿ ನಡ್ಕೊಂಡೆ. ಹೆದರಿಕೆಯಾಗಿತ್ತು. ಕ್ಷಮಿಸಿ."

ಹೆದರಿಕೆಯಂತೆ! ಯಾರನ್ನು ನಂಬಿಸುತ್ತಾನೆ ಇವನು?

"ರಾಜಧಾನಿ ಲಿಸ್ಬನ್ನಿನವರಿಗೆ ಕ್ಷಮೆ ಕೇಳೋಕೂ ಬರುತ್ತಾ?"

"ಬರುತ್ತೆ. ಆದ್ರೆ ನಿಮ್ಮೂರಲ್ಲಿ ಅದು ತಲುಪೋಕೆ ಒಂದು ತಿಂಗಳು ಬೇಕು. ಇಲ್ಲಿ ಬಸವನಹುಳ ಕೂಡ ಜನರನ್ನ ಹಿಂದೆ ಹಾಕುತ್ತಂತೆ."

"ನಾವು ಬಸವನಹುಳ ಹಿಡಿದು ಬೇಯಿಸ್ಕೊಂಡು ತಿನ್ನೋರು, ಸ್ವಾಮಿ. ಅದಕ್ಕಿಂತ ಜೋರಾಗಿ ಓಡದಿದ್ರೆ ಊಟ ಎಲ್ಲಿಂದ?"

ಅವನು ಗಟ್ಟಿಯಾಗಿ ನಕ್ಕ. ಹೆಂಚಿನವಳೂ ಬೂಷ್ಟಿನವನೂ ಮಾತು ನಿಲ್ಲಿಸಿ ನೋಡುವಷ್ಟು!

ಅಂದಿನಿಂದ ಆ ಎದುರುಬದುರು ಜಾಗ ಇಬ್ಬರಿಗೂ ರೂಢಿಯಾಯಿತು. ಬೆಳ್ಳುಳ್ಳಿ, ಕೊತ್ತಂಬರಿ ಹಾಕಿದ ಬಿಸಿ ಸಾರಿನಲ್ಲಿ ಬ್ರೆಡ್ಡು ಎಷ್ಟು ಹೊತ್ತು ನೆನೆಯಬೇಕೆಂದು ಜಗಳವಾಡಿದರು. ಅವನ ತಾಯಿ ಮಹಡಿಯ ಕುಂಡದಲ್ಲಿ ಬೆಳೆಸಿದ ಅಂಜೂರದ ಕಥೆ ಕೇಳಿ ಅವಳು ಕಣ್ಣೀರು ಬರುವಂತೆ ನಕ್ಕಳು. ಕೆಲಸದ ಮಾತು ಮಾತ್ರ ಇಲ್ಲ. ಅವಳ ಗಂಟಲು ಕಟ್ಟಿದ್ದ ದಿನ ಅವನು "ಯಾಕೆ..." ಎಂದು ಶುರು ಮಾಡಿ ತುಟಿ ಕಚ್ಚಿಕೊಂಡಿದ್ದ. ಮರುದಿನ ಅವಳ ತಟ್ಟೆಯ ಪಕ್ಕ ಒಂದು ಸಣ್ಣ ಜೇನಿನ ಬಾಟಲಿ ಇತ್ತು.

ಇರಿಯಾ ಮನೆಯಲ್ಲಿ ಆ ಜೇನನ್ನು ಬೆರಳಿಂದ ನೆಕ್ಕುತ್ತ ಯೋಚಿಸಿದಳು. 'ಇವನು ಒಳ್ಳೆಯವನೇ ಇರಬೇಕು... ಅಲ್ಲ, ನನ್ನನ್ನು ಮೆತ್ತಗೆ ಮಾಡುತ್ತಿದ್ದಾನಾ? ನನ್ನ ಹಿಂದಿನ ಸಂಶೋಧನೆಯನ್ನು ಮುಗಿಸಿದ ದೊಡ್ಡ ಮನುಷ್ಯನೂ ಮೊದಲು ಹೊಗಳಿಯೇ ಶುರು ಮಾಡಿದ್ದ!'

ಅನುಮಾನ ಎಂಬುದು ವಿಚಿತ್ರ. ಜೇನಿನ ಬಾಟಲಿಯನ್ನೂ ಅದು ತಿರುಗಿಸಿ ತಿರುಗಿಸಿ ನೋಡುತ್ತದೆ.

* * *

ಜೂನ್ ತಿಂಗಳ ಒಂದು ಮಧ್ಯಾಹ್ನ. ಗಣಿಯಲ್ಲಿ ಆಯಸ್ಸು ಕಳೆದ ಫಿರ್ಮಿನು ಮಾಮನ ಉಸಿರು ಅಳೆಯುವ ದಿನ. ಹಾಡಿನ ಮನೆಯಲ್ಲಿ ಮೊದಲ ಸಾಲನ್ನು ಒಬ್ಬನೇ ಎತ್ತುವವನು ಅವನು. ಅವನು ಎತ್ತಿಕೊಟ್ಟ ಮೇಲೆಯೇ ಉಳಿದವರ ದನಿ ಸೇರುವುದು.

ಅವನನ್ನು ಮನೆಗೆ ಕರೆದೊಯ್ಯಲು ಇರಿಯಾ ಕಾರು ತಂದಿದ್ದಳು. ಟೆಲ್ಮುವಿನ ಕಣ್ಣಿಗೆ ಬೀಳಬಾರದೆಂದು ಆಸ್ಪತ್ರೆಯ ಹಿಂದೆ, ಕಿತ್ತಳೆ ಮರದ ನೆರಳಲ್ಲಿ ನಿಲ್ಲಿಸಿದಳು. ಮೇಲೆ ಒಂದು ಕಿಟಕಿ ತೆರೆದಿತ್ತು.

"ಪೂರ್ತಿ ಎಳ್ಕೊಳ್ಳಿ... ಈಗ ಊದಿ! ಊದಿ ಊದಿ ಊದಿ! ಇನ್ನೂ ಇದೆ, ಇನ್ನೂ ಇದೆ, ಬಿಡಬೇಡಿ! ಭೇಷ್!"

ಟೆಲ್ಮುವಿನ ದನಿ. ಒಳಗಿದ್ದವನು ಅವಳ ಹಾಡುಗಾರನಲ್ಲ, ಕೆಮ್ಮಿನಲ್ಲೇ ಗೊತ್ತಾಯಿತು. ಊದುವವನನ್ನು ಹೀಗೆ ಹುರಿದುಂಬಿಸುವುದೇ ಆ ಪರೀಕ್ಷೆಯ ಕ್ರಮ. ಕೂಗಿದಷ್ಟೂ ಎದೆಯ ತಳದಲ್ಲಿ ಉಳಿದ ಗಾಳಿಯೆಲ್ಲ ಹೊರಗೆ ಬರುತ್ತದೆ.

ಆ ಕೆಮ್ಮಿನವನು ಹೋದ. ಫಿರ್ಮಿನು ಮಾಮ ಬಂದ. ಮೊದಲ ಸಲದ ಕೂಗು ಸರಿಯಾಗಿಯೇ ಇತ್ತು. ಎರಡನೆಯ ಸಲ...

"ಎಳ್ಕೊಳ್ಳಿ. ಊದಿ." ನಡುವೆ ಮೌನ. "ಆಯ್ತು."

ಅಷ್ಟೇ! ಸತ್ತ ದನಿ. ಮೂರನೆಯ ಸಲವೂ ಅದೇ.

ಇರಿಯಾ ಕಾರಿನಿಂದ ಕತ್ತು ಹೊರಹಾಕಿ ಆ ಕಿಟಕಿಯತ್ತ ನೋಡಿದಳು.

ಫಿರ್ಮಿನು ಮಾಮ ಕಾರಿನಲ್ಲಿ ಕೂತು ಟೋಪಿ ತೆಗೆದ. "ಆ ಹುಡುಗನಿಗೆ ನನ್ನ ಮೇಲೆ ಏನೋ ಸಿಟ್ಟು ಕಣಮ್ಮ. ಶುರುವಲ್ಲಿ ಚೆನ್ನಾಗೇ ಇದ್ದ. ಆಮೇಲೆ ಹೆಣ ನೋಡ್ದೋನ ಹಾಗೆ ಮುಖ ಮಾಡ್ಕೊಂಡ. ನಾನೇನು ಅಷ್ಟು ಕೆಟ್ಟದಾಗಿ ಊದಿದ್ನಾ?"

"ಇಲ್ಲ ಮಾಮ," ಎಂದಳು. ಕಾರು ಶುರು ಮಾಡಿದಳು. 'ಟೆಲ್ಮುವಿಗೆ ಗೊತ್ತು! ಯಾರು ನನ್ನವರು ಅಂತ ಹೇಗೋ ಪತ್ತೆ ಮಾಡಿದ್ದಾನೆ. ನನ್ನವರ ಉಸಿರನ್ನು ಬೇಕೆಂದೇ ಕಡಿಮೆ ಅಳೆಯುತ್ತಿದ್ದಾನೆ!'

ಸಂಜೆ ಅವನು ಆಸ್ಪತ್ರೆಯಿಂದ ಹೊರಬರುವುದನ್ನೇ ಕಾದು ಅಡ್ಡ ನಿಂತಳು. ಆದರೆ ಹೇಗೆ ಕೇಳುವುದು? ಯಾರ ಹೆಸರು ಹೇಳಿದರೂ ಅವಳೇ ನಿಯಮ ಮುರಿದಂತೆ!

"ನೀವು ಎಲ್ಲರಿಗೂ ಒಂದೇ ಥರ ಕೂಗಲ್ಲ," ಎಂದಳು.

ಅವನ ಮುಖದ ಬಣ್ಣ ಇಳಿಯಿತು. "ಕೇಳಿಸ್ಕೊಂಡ್ರಾ?"

"ಕಿಟಕಿ ತೆಗೆದಿತ್ತು."

"ಹೌದು. ತಪ್ಪಾಗಿದೆ. ಕಾರಣ ಮಾತ್ರ ಕೇಳಬೇಡಿ, ಹೇಳೋ ಹಾಗಿಲ್ಲ."

"ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ," ಎಂದ. ಅವಳ ಕಣ್ಣು ನೋಡಲಾರದೆ ಬೀದಿಯ ತಿರುವಿನಲ್ಲಿ ಮರೆಯಾದ.

ಅಂದು ಜೇನಿನ ಬಾಟಲಿ ಕಸದ ಬುಟ್ಟಿಗೆ ಹೋಯಿತು.

* * *

ಮರುದಿನ ಬೆಳಿಗ್ಗೆ ದೂರು ಹೇಳಲು ಲಿಯೊನಿಲ್ಡೆಯವರ ಕೋಣೆಗೆ ನುಗ್ಗಿದಳು.

"ತಡವಾಗಿ ಬಂದೆ," ಎಂದರು ಅವರು. "ನಿನಗಿಂತ ಮುಂಚೆ ಅವನೇ ಬಂದು ಹೋದ. ಅಳೆಯೋ ಕೆಲಸ ಬಿಟ್ಟಿದ್ದಾನೆ. ಬೇಜಾ ಊರಿನ ಆಸ್ಪತ್ರೆಯಿಂದ ಬೇರೆಯವರು ಬಂದು ಎಲ್ಲರನ್ನೂ ಹೊಸದಾಗಿ ಅಳೀತಾರೆ."

"ಯಾಕೆ ಬಿಟ್ಟ?"

"ನಾನು ಒಂದು ಕಡೆ ವಾಲಿದ್ದೀನಿ, ಇನ್ನು ನನ್ನ ಅಳತೆ ನಂಬಬೇಡಿ ಅಂದ."

"ಯಾವ ಕಡೆ?"

"ಅದನ್ನ ಹೇಳೋ ಹಾಗಿಲ್ಲ, ಪರೀಕ್ಷೆ ಮುಗಿಯೋವರೆಗೆ. ನೀನೂ ಈ ಯೋಜನೆಯೊಳಗೇ ಇದ್ದೀಯ."

ಹೇಳಬೇಕಾದ ಅಗತ್ಯವೇನು? ಇರಿಯಾಳಿಗೆ ಸ್ಪಷ್ಟವಾಗಿತ್ತು. ಇದರ ಹಿಂದೆ ಯಾವುದೋ ಔಷಧ ಕಂಪನಿ ಇರಬೇಕು. ಹಾಡಿನಿಂದ ಉಸಿರು ಸುಧಾರಿಸಿದರೆ ಯಾರಿಗೆ ನಷ್ಟ? ಸಿಕ್ಕಿಬಿದ್ದ ಮೇಲೆ ಮೆಲ್ಲಗೆ ಜಾರಿಕೊಂಡ!

ಆ ಬೇಸಿಗೆಯೆಲ್ಲ ಅವಳು ಊಟದ ಮನೆಗೆ ಹೋಗಲಿಲ್ಲ. ಒಮ್ಮೆ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ. ಅವಳು ಮುಖ ತಿರುಗಿಸಿದಳು. ತಿರುಗಿಸಿದ ಮೇಲೆ ಎದೆ ಯಾಕೆ ಅಷ್ಟು ನೋಯಬೇಕು? ಮೋಸಗಾರನಿಗಾಗಿ ಯಾರಾದರೂ ಹೀಗೆ ನೋಯುತ್ತಾರಾ?

* * *

ಸೆಪ್ಟೆಂಬರಿನಲ್ಲಿ ಗುಂಪುಗಳ ಗುಟ್ಟು ಬಿಚ್ಚಿದರು.

ಪವಾಡವೇನೂ ಆಗಿರಲಿಲ್ಲ. ಗಟ್ಟಿಯಾದ ಶ್ವಾಸಕೋಶ ಮೆತ್ತಗಾಗುವುದಿಲ್ಲ, ಯಂತ್ರದ ಅಳತೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಹಾಡಿದವರು ನಿಲ್ಲದೆ ಹೆಚ್ಚು ದೂರ ನಡೆಯುತ್ತಿದ್ದರು. ಉಸಿರು ಕಟ್ಟುವ ಭಯ ಅವರಲ್ಲಿ ನಿಚ್ಚಳವಾಗಿ ಇಳಿದಿತ್ತು.

"ಹಾಡಿನ ಮನೆ ಮುಂದುವರಿಯುತ್ತೆ," ಎಂದರು ಲಿಯೊನಿಲ್ಡೆ. ಇರಿಯಾ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಕೂತಿದ್ದ ಕಿಟಕಿ ಕಣ್ಣ ಮುಂದೆ ಬಂತು.

"ಇನ್ನೊಂದು ಮಾತು. ಟೆಲ್ಮು ತನ್ನ ಅಳತೆಗಳನ್ನೆಲ್ಲ ತೆಗೆದುಹಾಕಿ ಅಂತ ಹಟ ಹಿಡಿದು ತೆಗೆಸಿದ. ಇಲ್ಲದಿದ್ರೆ ನಿನ್ನವರ ಲೆಕ್ಕದಲ್ಲಿ ಕೆಲವು ತುಂಬ ಕಡಿಮೆ ಸಂಖ್ಯೆಗಳು ಉಳೀತಿದ್ದವು."

ಇರಿಯಾ ತಲೆಯೆತ್ತಿದಳು. ಸೋಲಿಸಬೇಕೆಂದಿದ್ದವನು ತನ್ನ ಕೈಯಾರೆ ಆ ಸಂಖ್ಯೆಗಳನ್ನು ಯಾಕೆ ಅಳಿಸಿಹಾಕಿದ?

"ಹಾಗಾದ್ರೆ ಅವನು ವಾಲಿದ್ದು..."

"ಅವನನ್ನೇ ಕೇಳು. ಇನ್ನು ಯಾರ ಬಾಯಿಗೂ ಬೀಗ ಇಲ್ಲ. ಶನಿವಾರ ಹಾಡು ಕೇಳೋಕೆ ಬರಬಹುದಾ ಅಂತ ನನ್ನನ್ನ ಕೇಳ್ತಿದ್ದ. ನನ್ನನ್ನ!"

* * *

ಶನಿವಾರ ಹಾಡಿನ ಮನೆಯಲ್ಲಿ ಮುದುಕರು ತೋಳಿಗೆ ತೋಳು ಕೊಟ್ಟು ಸಾಲಾಗಿ ನಿಂತು, ತೂಗುತ್ತ ಹಾಡುತ್ತಿದ್ದರು. ಬಾಗಿಲ ಹೊರಗೆ, ಸುಣ್ಣ ಬಳಿದ ಗೋಡೆಗೆ ಒರಗಿ ಒಬ್ಬ ನಿಂತಿದ್ದ.

ಇರಿಯಾ ಹೊರಗೆ ಬಂದಳು.

"ಅವತ್ತು ಯಾಕೆ ಕೂಗಲಿಲ್ಲ?" ಬೇರೆ ಮಾತಿಲ್ಲ, ನೇರ ಪ್ರಶ್ನೆ.

"ಆ ಹಿರಿಯರು ಮೊದಲ ಸಲ ಊದೋಕೆ ಉಸಿರು ಎಳ್ಕೊಂಡ್ರು," ಟೆಲ್ಮು ನಿಧಾನವಾಗಿ ಹೇಳಿದ. "ಭುಜ ಅಲ್ಲಾಡಲಿಲ್ಲ. ಪಕ್ಕೆಲುಬು ಮಾತ್ರ ಮೆಲ್ಲಗೆ ಅಗಲವಾಯ್ತು. ಒಂದು ಕ್ಷಣ ತಡೆದು ಆಮೇಲೆ ಬಿಟ್ರು. ಆ ಉಸಿರು ನನಗೆ ಗೊತ್ತಿತ್ತು."

"ಹೇಗೆ?"

"ದಿನಾ ಮೇಜಿನ ಎದುರು ಕೂತು ನೋಡಿದ್ದೀನಲ್ಲ. ನೀವು ನಗೋಕೆ ಮುಂಚೆ ಹಾಗೇ ಉಸಿರು ತಗೋತೀರಿ. ನಿಮ್ಮ ಉಸಿರನ್ನ ಅವರಿಗೆ ಕಲಿಸಿದ್ದೀರಿ."

ಇರಿಯಾ ತನ್ನ ಪಕ್ಕೆಲುಬಿನ ಮೇಲೆ ಕೈಯಿಟ್ಟು ನೋಡಿಕೊಂಡಳು.

"ಆ ಕ್ಷಣ ಇವರು ಗೆಲ್ಲಲಿ ಅಂತ ಗಂಟಲು ಹರಿಯೋ ಹಾಗೆ ಕೂಗಬೇಕು ಅನ್ನಿಸ್ತು. ಹೆದರಿಬಿಟ್ಟೆ. ಮುಂದಿನ ಎರಡು ಸಲವೂ ದನಿ ಅದುಮಿದೆ. ಅದುಮಿದ್ದೂ ಅನ್ಯಾಯವೇ ಅಂತ ಗೊತ್ತಾಗೋ ಹೊತ್ತಿಗೆ ಅವರು ಟೋಪಿ ಹಾಕ್ಕೊಂಡು ಹೋಗಿದ್ರು. ಯಾವ ಕಡೆಗೂ ಆಸೆ ಇಲ್ಲದವನು ಅಳೀಬೇಕು ಇರಿಯಾ. ನನಗೆ ಆಸೆ ಇತ್ತು."

"ನಾನು... ನಾನು ನಿಮ್ಮನ್ನ ಔಷಧ ಕಂಪನಿಯ ಕಡೆಯವರು ಅಂದ್ಕೊಂಡಿದ್ದೆ. ಬೇಸಿಗೆಯೆಲ್ಲ ಬೈದೆ."

"ಗಟ್ಟಿಯಾಗಿ?"

"ಗಟ್ಟಿಯಾಗಿ. ಅಡುಗೆಮನೆಯಲ್ಲಿ. ಆಮೇಲೆ ಅತ್ತೆ," ಎಂದಳು. "ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ನಿನ್ನ ಗೆಲುವನ್ನ ಯಾರೂ ನಂಬ್ತಿರಲಿಲ್ಲ. ಅಳೆಯೋನು ಅವಳನ್ನ ಪ್ರೀತಿಸ್ತಿದ್ದ ಅಂದುಬಿಡೋರು." ಅವನು ತಡೆದ. "ಅದು ನಿಜವೂ ಆಗಿತ್ತು."

ಒಳಗೆ ಹಾಡು ನಿಂತಿತು. ಫಿರ್ಮಿನು ಮಾಮನ ಕೂಗು ಬಾಗಿಲು ದಾಟಿ ಬಂತು. "ಏ ಇರಿಯಾ! ಆ ಹುಡುಗನಿಗೆ ನನ್ನ ಮೇಲಿನ ಸಿಟ್ಟು ಇಳೀತೇನಮ್ಮ? ಇಳಿದಿದ್ರೆ ಒಳಗೆ ಕರ್ಕೊಂಡು ಬಾ, ಸಾಲಿನಲ್ಲಿ ಒಂದು ತೋಳು ಕಡಿಮೆಯಿದೆ!"

ಇರಿಯಾ ಕಣ್ಣೊರೆಸಿಕೊಂಡು ತೋಳು ಚಾಚಿದಳು. ಅವನು ಅದನ್ನು ಹಿಡಿಯಲೂ ಹಿಂಜರಿದ.

"ನನಗೆ ಹಾಡೋಕೆ ಬರಲ್ಲ, ಇರಿಯಾ."

"ನನ್ನ ಪಕ್ಕ ನಿಂತ್ಕೋ. ನಾನು ಉಸಿರು ತಗೊಂಡಾಗ ನೀನೂ ತಗೋ."

"ತಪ್ಪಿದ್ರೆ?"

"ತಪ್ಪಿದ್ರೂ ಚೆನ್ನಾಗಿತ್ತು ಅಂತೀನಿ," ಎಂದಳು ಅವಳು, ಅವನ ತೋಳನ್ನು ತನ್ನ ತೋಳಿಗೆ ಸೇರಿಸಿಕೊಳ್ಳುತ್ತ. "ಇನ್ನು ಮೇಲೆ ನನಗೂ ಪಕ್ಷಪಾತ ಇದೆ."