ಅಲುಗಿದ್ದು ಯಾವುದು?

ವೆಲ್ಲಿಂಗಿರಿಯ ಕೈ ನನ್ನ ಕುತ್ತಿಗೆ ಮೇಲಿತ್ತು. ನನ್ನ ಕೈ ಮಗ್ಗಗಳ ಮೇನ್ ಸ್ವಿಚ್ ಮೇಲೆ...

"ಕೈ ತೆಗಿ ತಂಬಿ. ಮಗ್ಗ ನಿಂತ್ರೆ ನೂಲು ಕಡಿತದೆ."

"ಓಡಿದ್ರೆ ನಿಮ್ಮ ಸೊಸೆ ಬಾಳು ಕಡಿತದೆ."

ಕುತ್ತಿಗೆ ಹಿಡಿತ ಬಿಗಿಯಾಯಿತು.

ಮಗ್ಗಗಳ ಊರು ಸೋಮನೂರು. ಕೆಳಗೆ ವೆಲ್ಲಿಂಗಿರಿಯ ಪವರ್‌ಲೂಮ್ ಶೆಡ್. ಮಹಡಿಯಲ್ಲಿ ಬಾಡಿಗೆಗಿದ್ದ ನಟರಾಜನ್‌ನ ಲ್ಯಾಬ್. ಅಲ್ಲೊಂದು ಹೊಸ ಮಷಿನ್. ವೀರ್ಯಾಣು ಎಷ್ಟು ಓಡುತ್ತವೆ ಅಂತ ಕ್ಯಾಮೆರಾ ನೋಡಿ, ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ವೆಲ್ಲಿಂಗಿರಿಯ ಮಗ ಶಕ್ತಿವೇಲ್‌ಗೆ ಮಕ್ಕಳಾಗಿರಲಿಲ್ಲ; ಆದರೂ ಅದು ಫಸ್ಟ್ ಕ್ಲಾಸ್ ಕೊಟ್ಟಿತ್ತು. ಹಾಗಾದರೆ ಕೊರತೆ ಯಾರದು? ಸೊಸೆ ಇಲಕ್ಕಿಯಾಳದು! ಸಂಜೆ ಆನೈಮಲೈಯಲ್ಲಿ ಮಗನಿಗೆ ಬೇರೆ ಹೆಣ್ಣು ನಿಶ್ಚಯ. ಇವಳಿಗೆ ಧಾರಾಪುರಂನ ತವರು.

ಅವಳೇ ನನ್ನನ್ನು ಕರೆಸಿದ್ದಳು. ನೂಲುಕಳ್ಳರನ್ನು ಹಿಡಿಯುವವನು ನಾನು. ಇಂಥ ಕೇಸು ಹೊಸದು.

ಸ್ವಲ್ಪ ಹೊತ್ತಿನ ಮುಂಚೆ ಲ್ಯಾಬಿನಲ್ಲಿ ಕೂತಾಗ ಲೋಟದ ಟೀ ನಡುಗುತ್ತಿತ್ತು.

"ಕಟ್ಟಡ ಅಲುಗ್ತಿದೆಯಲ್ಲಾ?"

"ಅಲುಗ್ತಿದೆಯಾ?" ಅಂದ ನಟರಾಜನ್.

ತಪ್ಪು ಅವನದಲ್ಲ. ಸೋಮನೂರಿನವರಿಗೆ ಮಗ್ಗದ ಸದ್ದು ಗೊತ್ತೇ ಆಗೋದಿಲ್ಲ. ಅದು ನಿಂತಾಗಲೇ ನಿದ್ದೆಯಿಂದ ಏಳುವ ಜನ!

ಹುಡುಗಿ ಕಡೆಯವರು ಹೊಸ ರಿಪೋರ್ಟ್ ಕೇಳ್ತಿದ್ದಾರೆ ಅಂತ ಸುಳ್ಳು ಬಿಟ್ಟೆ. ಶಕ್ತಿವೇಲ್ ಆಗಷ್ಟೇ ಸ್ಯಾಂಪಲ್ ಕೊಟ್ಟಿದ್ದ.

ಈಗ ಸ್ವಿಚ್ ಎಳೆದೆ.

ಇಡೀ ಶೆಡ್ ಸ್ತಬ್ಧ... ಮೊಣಕೈಯಿಂದ ಮುದುಕನ ಹೊಟ್ಟೆಗೊಂದು ತಿವಿದು ಮೆಟ್ಟಿಲು ಹತ್ತಿ ಓಡಿದೆ. ಅವನೂ ಏದುಸಿರು ಬಿಡುತ್ತಾ ಹಿಂದೆಯೇ ಬಂದ.

ಲ್ಯಾಬಿನ ಕರೆಂಟು ಬೇರೆ ಲೈನಿನದು. ಪರದೆ ಮೇಲೆ ನೂರಾರು ಚುಕ್ಕಿ. ಒಂದೂ ಅಲುಗಲಿಲ್ಲ.

"ಮಷಿನ್ ಕೆಟ್ಟಿದೆಯಾ?" ಶಕ್ತಿವೇಲ್ ಕೇಳಿದ.

"ಇಲ್ಲಣ್ಣಾ." ನಟರಾಜನ್ ಹಣೆ ಒರೆಸಿಕೊಂಡ. "ಇಷ್ಟು ದಿನ ಮಗ್ಗದ ಅದುರಾಟಕ್ಕೆ ಸ್ಲೈಡ್ ಅಲುಗ್ತಿತ್ತು. ಮಷಿನ್ ಅದನ್ನೇ ಓಟ ಅಂದ್ಕೊಂಡಿದೆ."

"ಮದ್ದಿದೆಯಾ?" ಅಂದ ಶಕ್ತಿವೇಲ್.

"ದೊಡ್ಡ ಡಾಕ್ಟರ್‌ಗೆ ತೋರಿಸ್ಬೇಕು."

ವೆಲ್ಲಿಂಗಿರಿ ಕಿಟಕಿಗೆ ಹೋಗಿ ಕೆಳಗೆ ಕೂಗಿದ.

"ಮಗ್ಗ ಓಡಿಸ್ರೋ."

ನೆಲ ಅದುರಿತು. ಪರದೆಯ ಚುಕ್ಕಿಗಳೆಲ್ಲ ಮತ್ತೆ ಓಡತೊಡಗಿದವು.

"ನೋಡಿದ್ರಾ? ನನ್ನ ಮಗನಿಗೆ ಒಂದೂ ಕೊರತೆ ಇಲ್ಲ. ನಡೀರಿ, ನಿಶ್ಚಯಕ್ಕೆ ಹೊತ್ತಾಯ್ತು."

ಶಕ್ತಿವೇಲ್ ಅಪ್ಪನ ಮುಖ ನೋಡಲಿಲ್ಲ. ತವರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಬ್ಯಾಗ್ ತಗೊಂಡು, "ಡಾಕ್ಟರ್ ಹತ್ರ ಹೋಗೋಣ, ಬಾ" ಅಂದ.

ಇಲಕ್ಕಿಯಾ ಎರಡು ಮೆಟ್ಟಿಲು ಇಳಿದು ತಿರುಗಿದಳು.

"ಬರ್ತೀವಿ ಮಾವಾ. ಮೊಮ್ಮಗನ್ನೂ ಮಗ್ಗದ ಹತ್ರಾನೇ ಕೇಳ್ಕೊಳ್ಳಿ."